ಆಟಿಸಂ ಇರೋ ಹದಿಹರೆಯದ ಮಕ್ಕಳಿಗೆ ಡಿಪ್ರೆಷನ್ ಬಂದಾಗ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ 17. ಆಟಿಸಂ ಇದೆ ಅಂತ ಗೊತ್ತಾಗಿದ್ದು 4ನೇ ವಯಸ್ಸಲ್ಲಿ, ಡಿಪ್ರೆಷನ್ ಅಂತ ಗೊತ್ತಾಗಿದ್ದು 14ರಲ್ಲಿ. ಆಮೇಲಿಂದ ಫೋನಲ್ಲಿ, ಪತ್ರದಲ್ಲಿ, ಥೆರಪಿ ರೂಮಿನ ಹೊರಗೆ ಬೆಂಚ್ ಮೇಲೆ ಕಾಯ್ತಾ ಕೂತಾಗ ಬೇರೆ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನೆಲ್ಲ ಅವರ ಮಾತಲ್ಲೇ ಇಲ್ಲಿ ಬರೆದಿದೀನಿ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನೋದು ಮಗುನ ನೋಡಿದ ಡಾಕ್ಟರ್ ಹೇಳಬೇಕಾದ್ದು. ಆದ್ರೆ ಅವರ ಹತ್ರ ಏನು ಕೇಳ್ಬೇಕು ಅಂತ ನಮಗೆ ಗೊತ್ತಿದ್ರೆ ಎಷ್ಟೋ ತಿಂಗಳು ಉಳಿಯತ್ತೆ.

## ಮೊದಮೊದಲು ಕೇಳೋದು

ಆಟಿಸಂ ಇರೋ ಮಕ್ಕಳು ಹೀಗೇ ಅಲ್ವಾ ಇರೋದು, ಇದನ್ನ ಬೇರೆ ಕಾಯಿಲೆ ಅಂತ ಯಾಕೆ ಅನ್ಕೋಬೇಕು?

ಯಾಕಂದ್ರೆ ಇದು ಬೇರೆ ಕಾಯಿಲೆನೇ, ಮತ್ತೆ ಇದಕ್ಕೆ ಚಿಕಿತ್ಸೆ ಇದೆ. ಆಟಿಸಂ ಇರೋರಿಗೆ ಜೀವನದಲ್ಲಿ ಯಾವಾಗಾದ್ರೂ ಡಿಪ್ರೆಷನ್ ಬರೋ ಸಾಧ್ಯತೆ ಬೇರೆಯವರಿಗಿಂತ ಸುಮಾರು 4 ಪಟ್ಟು ಜಾಸ್ತಿ ಅಂತ ಹಲವಾರು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿ 2019ರಲ್ಲಿ ಹೇಳಿದಾರೆ. ಆದ್ರೂ ಮಗು ಒಬ್ಬನೇ ಕೂತ, ಊಟ ಬಿಟ್ಟ, ಸಿಟ್ಟು ಮಾಡ್ದ ಅಂದ ತಕ್ಷಣ ಎಲ್ಲರೂ ಅದನ್ನ ಆಟಿಸಂ ಲೆಕ್ಕಕ್ಕೆ ಬರೆದು ಮುಗಿಸ್ತಾರೆ.

ನನ್ನ ಮಗನಿಗೆ ಲಿಫ್ಟ್ ಅಂದ್ರೆ ಪ್ರಾಣ. ಹೋದಲ್ಲೆಲ್ಲ ಲಿಫ್ಟಿನ ಕಂಪನಿ ಹೆಸರು, ಎಷ್ಟು ಕೆಜಿ ತಡೆಯತ್ತೆ, ಬಾಗಿಲು ಎಷ್ಟು ಸೆಕೆಂಡಲ್ಲಿ ಮುಚ್ಚತ್ತೆ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೀತಿದ್ದ, ಆರು ವರ್ಷ ಒಂದು ದಿನ ತಪ್ಪಿಸಿರಲಿಲ್ಲ. ಒಂದಿನ ಕಸ ಗುಡಿಸ್ತಾ ನೋಡ್ತೀನಿ, ಆ ನೋಟ್‌ಬುಕ್ ಮಂಚದ ಕೆಳಗೆ, ಮೇಲೆಲ್ಲ ಧೂಳು, ಪೆನ್ನಿನ ಕ್ಯಾಪ್ ತೆಗೆದಿದ್ದು ಹಾಗೇ ಒಣಗಿ ಹೋಗಿತ್ತು. ಯಾಕಪ್ಪಾ ಅಂದ್ರೆ "ಎಲ್ಲಾ ಲಿಫ್ಟೂ ಒಂದೇ" ಅಂದ. ನಾವು ಮೊದಲು ತೋರಿಸಿದ ಡಾಕ್ಟರ್ ಇದನ್ನ ಕೇಳಿ "ಒಳ್ಳೇದೇ ಆಯ್ತಲ್ಲ, ಆ ಗೀಳು ಬಿಟ್ಟೋಯ್ತು" ಅಂದ್ರು. ಐದು ತಿಂಗಳು ಹಾಗೇ ಹೋಯ್ತು ನಮ್ದು. ಮಗು ತನಗೆ ತುಂಬಾ ಇಷ್ಟ ಇರೋದನ್ನ ಬಿಟ್ಟುಬಿಟ್ರೆ ದಯವಿಟ್ಟು ಸಂತೋಷ ಪಡಬೇಡಿ, ಅದು ಎಲ್ಲಕ್ಕಿಂತ ದೊಡ್ಡ ಸೂಚನೆ.

ಅವಳು ಅಳೋದೇ ಇಲ್ಲ, ಬೇಜಾರು ಅಂತ ಬಾಯಿ ಬಿಟ್ಟು ಹೇಳೋದೂ ಇಲ್ಲ, ಮತ್ತೆ ಡಿಪ್ರೆಷನ್ ಅಂತ ಹೇಗೆ ಗೊತ್ತಾಗತ್ತೆ?

ಆಟಿಸಂ ಇರೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ತಮ್ಮ ಒಳಗಿನ ಭಾವನೆ ಯಾವುದು ಅಂತ ಗುರುತಿಸಿ ಹೆಸರಿಡೋದು ಕಷ್ಟ, ಇದಕ್ಕೆ ಅಲೆಕ್ಸಿಥೈಮಿಯಾ ಅಂತಾರೆ. ಹಾಗಾಗಿ "ಬೇಜಾರಾಗಿದ್ಯಾ?" ಅಂತ ಕೇಳಿದ್ರೆ "ಇಲ್ಲ" ಅಂತಾನೇ ಬರತ್ತೆ ಉತ್ತರ, ಅದು ಸುಳ್ಳಲ್ಲ, ಅವಳಿಗೆ ಗೊತ್ತಿಲ್ಲ ಅಷ್ಟೇ.

ಬೇರೆ ಮಕ್ಕಳ ಜೊತೆ ಹೋಲಿಸ್ಬೇಡಿ, ಅವಳನ್ನ ಆರು ತಿಂಗಳ ಹಿಂದಿನ ಅವಳ ಜೊತೆ ಹೋಲಿಸಿ. ನಿದ್ದೆ ಬದಲಾಗಿದ್ಯಾ, ಊಟ ಕಮ್ಮಿ ಅಥವಾ ಜಾಸ್ತಿ ಆಗಿದ್ಯಾ, ಮೊದಲು ತಾನೇ ಮಾಡ್ತಿದ್ದ ಸ್ನಾನ, ಹಲ್ಲುಜ್ಜೋದು ಈಗ ನಿಂತಿದ್ಯಾ, ಮೆಲ್ಟ್‌ಡೌನ್ (ತಡೆಯೋಕಾಗದೆ ಕಿರುಚಿ ಅತ್ತು ಕುಸಿಯೋದು) ಜಾಸ್ತಿ ಆಗಿದ್ಯಾ, ತಲೆ ಚಚ್ಕೊಳೋದು ಕೈ ಕಚ್ಕೊಳೋದು ಹೊಸದಾಗಿ ಶುರುವಾಗಿದ್ಯಾ, ಮಾತು ಕಮ್ಮಿ ಆಗಿದ್ಯಾ, ಸಾವಿನ ಬಗ್ಗೆ ಒಂದೇ ಮಾತು ತಿರುಗಿ ತಿರುಗಿ ಬರ್ತಿದ್ಯಾ. ಹದಿಹರೆಯದಲ್ಲಿ ಡಿಪ್ರೆಷನ್ ಎಷ್ಟೋ ಸಲ ದುಃಖದ ಥರ ಕಾಣಲ್ಲ, ಸಿಡುಕಿನ ಥರ ಕಾಣತ್ತೆ. ಮಾತೇ ಆಡದ ಮಕ್ಕಳಲ್ಲಂತೂ ಈ ಬದಲಾವಣೆಗಳೇ ನಮಗಿರೋ ದಾರಿ. ಎರಡು ವಾರ ಬಿಡದೆ ಹೀಗೇ ಇದ್ರೆ ತೋರಿಸಿ.

ಯಾಕೆ ಬಂತು ಇದು, ನಾವೇನು ತಪ್ಪು ಮಾಡಿದ್ವಿ?

ನೀವು ಮಾಡಿದ್ದಲ್ಲ. ಮನೆತನದಲ್ಲಿ ಡಿಪ್ರೆಷನ್ ಇದ್ರೆ ಸಾಧ್ಯತೆ ಜಾಸ್ತಿ, ಜೊತೆಗೆ ಹದಿಹರೆಯ ಅಂದ್ರೆ ತಾನು ಬೇರೆಯವರ ಥರ ಇಲ್ಲ ಅಂತ ಮಗುಗೆ ಸ್ಪಷ್ಟವಾಗಿ ಅರ್ಥ ಆಗೋ ವಯಸ್ಸು. ಸ್ಕೂಲಲ್ಲಿ ಚುಡಾಯಿಸೋದು, ಗದ್ದಲ, ದಿನಪೂರ್ತಿ ಬೇರೆಯವರ ಥರ ನಟಿಸೋದು, ಇದಕ್ಕೆ ಮಾಸ್ಕಿಂಗ್ ಅಂತಾರೆ, ಇದೆಲ್ಲ ಸೇರಿ ಮಗು ಒಳಗೊಳಗೇ ಸೋತು ಹೋಗಿರತ್ತೆ. ಸ್ಕೂಲಲ್ಲಿ "ತುಂಬಾ ಒಳ್ಳೆ ಹುಡುಗಿ, ಏನೂ ತೊಂದ್ರೆ ಇಲ್ಲ" ಅಂತಾರೆ, ಮನೆಗೆ ಬಂದು ಬಾಗಿಲು ಹಾಕಿದ ತಕ್ಷಣ ಕುಸೀತಾಳೆ, ಇದನ್ನ ಎಷ್ಟು ಅಮ್ಮಂದಿರ ಬಾಯಲ್ಲಿ ಕೇಳಿದೀನೋ.

ಬರ್ನ್‌ಔಟ್ ಅಂತಾರಲ್ಲ, ಅದೂ ಇದೂ ಒಂದೇನಾ?

ಒಂದೇ ಅಲ್ಲ, ಆದ್ರೆ ಎರಡೂ ಒಟ್ಟಿಗೆ ಬರಬಹುದು. ತಿಂಗಳುಗಟ್ಟಲೆ ಶಕ್ತಿ ಮೀರಿ ಹೊಂದ್ಕೊಂಡು ಹೊಂದ್ಕೊಂಡು ಪೂರ್ತಿ ಬಸವಳಿದು, ಬರ್ತಿದ್ದ ಕೆಲಸಗಳೂ ಕೈ ತಪ್ಪಿ, ಶಬ್ದ ಬೆಳಕು ಇನ್ನೂ ಅಸಹನೀಯ ಆಗೋದು ಬರ್ನ್‌ಔಟ್. ಅಲ್ಲಿ ಒತ್ತಡ ಇಳಿಸಿ ವಿಶ್ರಾಂತಿ ಕೊಟ್ರೆ ತನ್ನ ಇಷ್ಟದ ವಿಷಯಕ್ಕೆ ಮಗು ವಾಪಸ್ ಬರತ್ತೆ. ಡಿಪ್ರೆಷನ್ನಲ್ಲಿ ರಜ ಕೊಟ್ರೂ ಇಷ್ಟದ್ದೂ ಬೇಡ, ಮತ್ತೆ ಬರೀ ಮಲಗಿದಷ್ಟೂ ಜಾಸ್ತಿ ಆಗ್ತಾ ಹೋಗತ್ತೆ. ಮನೇಲಿ ಇದನ್ನ ತೀರ್ಮಾನ ಮಾಡೋಕೆ ಹೋಗ್ಬೇಡಿ, ನೋಡಿದ್ದನ್ನ ಹಾಗೇ ಡಾಕ್ಟರಿಗೆ ಹೇಳಿ.

## ಡಾಕ್ಟರ್ ಹತ್ರ ಹೋಗುವಾಗ

ಯಾರಿಗೆ ತೋರಿಸ್ಬೇಕು, ನ್ಯೂರಾಲಜಿಸ್ಟಾ, ಸೈಕಾಲಜಿಸ್ಟಾ, ಸೈಕಿಯಾಟ್ರಿಸ್ಟಾ?

ಮಕ್ಕಳ ಮತ್ತು ಹದಿಹರೆಯದವರ ಸೈಕಿಯಾಟ್ರಿಸ್ಟ್ ಸಿಕ್ಕಿದ್ರೆ ಅವರೇ ಮೊದಲು, ಯಾಕಂದ್ರೆ ಪತ್ತೆ ಮಾಡೋದು, ಮಾತ್ರೆ ಬೇಕಾ ಬೇಡ್ವಾ ಅನ್ನೋದು ಎರಡೂ ಅವರು ನೋಡ್ತಾರೆ. ಥೆರಪಿ ಮಾಡೋರು ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟ್. ಫಿಟ್ಸ್ ಇದ್ರೆ ನ್ಯೂರಾಲಜಿಸ್ಟೂ ಜೊತೇಲಿ ಬೇಕು. ಮೊದಲನೇ ಭೇಟಿಯಲ್ಲೇ ಕೇಳಿಬಿಡಿ: ಆಟಿಸಂ ಇರೋ ಹದಿಹರೆಯದವರನ್ನ ನೀವು ನೋಡ್ತೀರಾ, ಅವರಿಗಾಗಿ ನಿಮ್ಮ ಥೆರಪಿಯಲ್ಲಿ ಏನು ಬದಲಾವಣೆ ಮಾಡ್ಕೊಳ್ತೀರಾ? ಈ ಪ್ರಶ್ನೆಗೆ ಬೇಜಾರು ಮಾಡ್ಕೊಳೋ ಡಾಕ್ಟರ್ ಆದ್ರೆ ಇನ್ನೊಬ್ಬರನ್ನ ನೋಡಿ.

ಹೋಗೋ ಮುಂಚೆ ಒಂದೇ ಒಂದು ಹಾಳೆ ಬರ್ಕೊಳ್ಳಿ, ಎಡಗಡೆ "ಮೊದಲು ಹೀಗಿದ್ದ", ಬಲಗಡೆ "ಈಗ ಹೀಗಿದಾನೆ". ಅದರಷ್ಟು ಕೆಲಸಕ್ಕೆ ಬಂದಿದ್ದು ನಮಗೆ ಬೇರೆ ಯಾವುದೂ ಇಲ್ಲ. ಮಗುಗೆ ಕ್ಲಿನಿಕ್ ಫೋಟೋ ಮುಂಚೆನೇ ತೋರಿಸಿ, ಏನು ಕೇಳ್ತಾರೆ ಅಂತ ಹೇಳಿ, ಬಾಯಲ್ಲಿ ಹೇಳೋಕೆ ಆಗದಿದ್ರೆ ಬರೆದೋ ಟೈಪ್ ಮಾಡೋ ಕೊಡ್ಲಿ. ಸ್ವಲ್ಪ ಹೊತ್ತು ಮಗು ಒಬ್ಬನೇ ಡಾಕ್ಟರ್ ಜೊತೆ ಇರೋಕೂ ಬಿಡಿ, ನಮ್ಮೆದುರು ಹೇಳದ ವಿಷಯಗಳು ಇರ್ತವೆ.

ಪ್ರಶ್ನೆಪಟ್ಟಿ ಕೊಟ್ರು, ಸ್ಕೋರ್ ಕಮ್ಮಿ ಬಂತು, ಹಾಗಾದ್ರೆ ಡಿಪ್ರೆಷನ್ ಇಲ್ವಾ?

ಅದೊಂದರಿಂದ ಹೇಳೋಕಾಗಲ್ಲ. ಪಿಎಚ್‌ಕ್ಯೂ-9 ಥರದ ಪಟ್ಟಿಗಳು ಆಟಿಸಂ ಇರೋರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದಲ್ಲ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗನಿಸಿತು ಅನ್ನೋ ಪ್ರಶ್ನೆಗೆ ನನ್ನ ಮಗ ಹದಿನಾಲ್ಕು ದಿನ ಒಂದೊಂದಾಗಿ ನೆನಪು ಮಾಡ್ಕೊಳೋಕೆ ಕೂತ, ಮೂರನೇ ದಿನ ನೆನಪಾಗಲಿಲ್ಲ ಅಂತ ಪೂರ್ತಿ ಹಾಳೆಗೆ ಸೊನ್ನೆ ಹಾಕಿ ಕೊಟ್ಟ. ಪಟ್ಟಿ ಜೊತೆಗೆ ಅಪ್ಪ ಅಮ್ಮ ಹೇಳೋದು, ಟೀಚರ್ ಹೇಳೋದು, ಡಾಕ್ಟರ್ ತಾವೇ ನೋಡಿದ್ದು ಎಲ್ಲ ಸೇರ್ಬೇಕು.

ಬ್ಲಡ್ ಟೆಸ್ಟ್ ಎಲ್ಲ ಬೇಕಾ?

ಕೇಳಿ ಮಾಡಿಸಿ. ಥೈರಾಯ್ಡ್ ಕಮ್ಮಿ ಇದ್ರೆ, ರಕ್ತ ಕಮ್ಮಿ ಇದ್ರೆ, ಬಿ12 ಕಮ್ಮಿ ಇದ್ರೆ ಸುಸ್ತು, ಮಂಕು, ನಿರಾಸಕ್ತಿ ಎಲ್ಲ ಬರತ್ತೆ, ಊಟದಲ್ಲಿ ನಾಲ್ಕೈದು ಐಟಂ ಬಿಟ್ಟು ಬೇರೆ ಮುಟ್ಟದ ಮಕ್ಕಳಲ್ಲಿ ಇದು ಅಪರೂಪ ಅಲ್ಲ. ಹಲ್ಲುನೋವು, ಮಲಬದ್ಧತೆ, ಮುಟ್ಟಿನ ನೋವು ಇವನ್ನ ಹೇಳೋಕೆ ಬರದ ಮಗು ಸಿಟ್ಟಲ್ಲೇ ತೋರಿಸತ್ತೆ. ಈಗಾಗಲೇ ತಗೋತಿರೋ ಮಾತ್ರೆಗಳ ಪಟ್ಟಿನೂ ಒಯ್ಯಿರಿ. ಫಿಟ್ಸ್‌ಗೆ ಕೊಡೋ ಲೆವೆಟಿರಾಸೆಟಮ್‌ನಿಂದ ಕೆಲವರಲ್ಲಿ ಸಿಡುಕು, ಮಂಕುತನ ಬರೋದುಂಟು, ಆದ್ರೆ ಅದನ್ನ ನೀವೇ ನಿಲ್ಲಿಸೋಕೆ ಮಾತ್ರ ಹೋಗ್ಬೇಡಿ.

## ಥೆರಪಿ, ಮನೆ, ಸ್ಕೂಲು

ಮಾತಾಡೋದೇ ಕಷ್ಟ ಇರೋ ಹುಡುಗನಿಗೆ ಕೌನ್ಸೆಲಿಂಗ್‌ನಿಂದ ಏನಾಗತ್ತೆ?

ಎದುರುಬದುರು ಕೂರಿಸಿ "ನಿನ್ನ ಮನಸ್ಸಲ್ಲಿರೋದು ಹೇಳು" ಅನ್ನೋ ಥರದ ಕೌನ್ಸೆಲಿಂಗ್ ಆದ್ರೆ ಏನೂ ಆಗಲ್ಲ, ನಮ್ಮಲ್ಲಿ ಹತ್ತು ಸೆಷನ್ ಹಾಗೇ ವೇಸ್ಟ್ ಆಯ್ತು. ಡಿಪ್ರೆಷನ್‌ಗೆ ಸಿಬಿಟಿ ಅನ್ನೋ ಥೆರಪಿ ಚೆನ್ನಾಗಿ ಬಳಕೆಯಲ್ಲಿದೆ, ಯೋಚನೆ, ಭಾವನೆ, ನಡವಳಿಕೆ ಒಂದಕ್ಕೊಂದು ಹೇಗೆ ಕೊಂಡಿ ಹಾಕ್ಕೊಂಡಿವೆ ಅಂತ ನೋಡಿ ಅದನ್ನ ಬಿಡಿಸೋದು. ಆಟಿಸಂ ಇರೋರಿಗೆ ಅದನ್ನ ಬದಲಾಯಿಸಿ ಮಾಡ್ಬೇಕು: ಚಿತ್ರ, ಚಾರ್ಟ್, ಬರವಣಿಗೆ ಜಾಸ್ತಿ, ಸುತ್ತಿಬಳಸಿ ಮಾತಾಡದೆ ನೇರ ಮಾತು, ಸೆಷನ್ ಚಿಕ್ಕದು ಆದ್ರೆ ಸಂಖ್ಯೆ ಜಾಸ್ತಿ, ಭಾವನೆ ಗುರುತಿಸೋದನ್ನೇ ಮೊದಲು ಕಲಿಸೋದು, ಅಪ್ಪ ಅಥವಾ ಅಮ್ಮ ಜೊತೆಗಿರೋದು, ಮಗುವಿನ ಇಷ್ಟದ ವಿಷಯವನ್ನೇ ಸಾಧನವಾಗಿ ತಗೊಳೋದು.

ಆಮೇಲೆ ಸಿಕ್ಕ ಥೆರಪಿಸ್ಟ್ ಮೊದಲನೇ ದಿನ ಒಂದು ಬಿಳಿ ಹಾಳೆ ಮೇಲೆ ಲಿಫ್ಟಿನ ಬಟನ್ ಬರೆದ್ರು. ಮೈನಸ್ 2ರಿಂದ 5ರ ತನಕ. "ಇವತ್ತು ನಿನ್ನ ಲಿಫ್ಟ್ ಎಷ್ಟನೇ ಮಹಡಿಲಿದೆ?" ಅಂತ ಕೇಳಿದ್ರು. ಇವನು ಮಾತಾಡಲಿಲ್ಲ, ಮೈನಸ್ 2ರ ಮೇಲೆ ಬೆರಳಿಟ್ಟ. ಆಮೇಲೆ ತಾನೇ ಪೆನ್ನು ತಗೊಂಡು ಅದರ ಕೆಳಗೆ ಮೈನಸ್ 3 ಅಂತ ಇನ್ನೊಂದು ಬಟನ್ ಬರೆದು ಅದರ ಮೇಲೆ ಇಟ್ಟ. ಒಂದು ವರ್ಷದಲ್ಲಿ ನಮಗೆ ಅವನ ಬಗ್ಗೆ ಗೊತ್ತಾಗದೇ ಇದ್ದಿದ್ದು ಆ ಒಂದು ಬೆರಳಲ್ಲಿ ಗೊತ್ತಾಯ್ತು. ಇವತ್ತಿಗೂ ಬೆಳಿಗ್ಗೆ ನಾನು ಕೇಳೋದು "ಹೇಗಿದೀಯಾ" ಅಂತ ಅಲ್ಲ, "ಎಷ್ಟನೇ ಮಹಡಿ" ಅಂತ.

ಏನೂ ಮಾಡೋಕೆ ಮನಸ್ಸಿಲ್ಲ ಅಂತಾನೆ, ಬಲವಂತ ಮಾಡ್ಲಾ, ಹಾಗೇ ಬಿಡ್ಲಾ?

ಎರಡೂ ಬೇಡ. ಮನಸ್ಸು ಬಂದ್ಮೇಲೆ ಮಾಡ್ತೀನಿ ಅಂತ ಕಾಯ್ತಾ ಕೂತ್ರೆ ಡಿಪ್ರೆಷನ್ನಲ್ಲಿ ಮನಸ್ಸು ಬರಲ್ಲ, ಚಿಕ್ಕದಾಗಿ ಏನಾದ್ರೂ ಮಾಡಿದ್ಮೇಲೆ ಮನಸ್ಸು ಹಿಂದೆ ಬರತ್ತೆ, ಬಿಹೇವಿಯರಲ್ ಆಕ್ಟಿವೇಶನ್ ಅನ್ನೋದರ ತಿರುಳು ಇಷ್ಟೇ. ಆದ್ರೆ ಹೆಜ್ಜೆ ತೀರಾ ಚಿಕ್ಕದಿರ್ಬೇಕು. ವಾಕಿಂಗ್ ಹೋಗು ಅಂತ ಅಲ್ಲ, ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ ಬಾ ಅಂತ. ದಿನಾ ಅದೇ ಹೊತ್ತಿಗೆ, ಗೋಡೆ ಮೇಲೆ ಚಿತ್ರದಲ್ಲಿ ಬರೆದಿಟ್ಟು. ಇಷ್ಟದ ವಿಷಯದಿಂದಲೇ ಶುರು ಮಾಡಿ, ಮತ್ತೆ ಅದನ್ನ ಯಾವತ್ತೂ ಶಿಕ್ಷೆಗೆ ಕಿತ್ಕೋಬೇಡಿ. ಆಗಲಿಲ್ಲ ಅಂದ್ರೆ ಆ ದಿನ ಬಿಟ್ಟುಬಿಡಿ, ಬೈಬೇಡಿ.

ಸ್ಕೂಲ್ ಬಿಡಿಸ್ಬಿಡೋಣ ಅನ್ಸತ್ತೆ, ಸರೀನಾ?

ಮೊದಲು ಸ್ಕೂಲಲ್ಲಿ ಏನಾಗ್ತಿದೆ ಅಂತ ನೋಡಿ. ಒಬ್ಬ ಹುಡುಗ ದಿನಾ ಹೊಡೀತಿದ್ರೆ ಅದಕ್ಕೆ ಮಾತ್ರೆ ಪರಿಹಾರ ಅಲ್ಲ, ಹೊಡೆಯೋದು ನಿಲ್ಲಬೇಕು. ಸ್ವಲ್ಪ ದಿನ ಅರ್ಧ ದಿನದ ಹಾಜರಿ, ಗದ್ದಲ ತಡೆಯೋ ಹೆಡ್‌ಫೋನ್, ಬ್ರೇಕಲ್ಲಿ ಕೂರೋಕೆ ಒಂದು ಶಾಂತ ರೂಮು, ಹೋಮ್‌ವರ್ಕ್ ಕಮ್ಮಿ, ನಂಬಿಕೆಯ ಒಬ್ಬ ಟೀಚರ್, ಇಷ್ಟನ್ನ ಬರೆದು ಕೇಳಿ, ಬಾಯಿಮಾತಲ್ಲಿ ಕೇಳಿದ್ದು ಮರೆತು ಹೋಗತ್ತೆ. ಇದ್ಯಾವುದಕ್ಕೂ ಒಪ್ಪದ ಸ್ಕೂಲಾದ್ರೆ ಬದಲಾಯಿಸೋದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಪೂರ್ತಿ ಮನೇಲೇ ಕೂರಿಸೋದಾದ್ರೆ ದಿನಕ್ಕೊಂದು ವೇಳಾಪಟ್ಟಿ, ಮನೆಯವರನ್ನ ಬಿಟ್ಟು ಒಬ್ಬರಾದ್ರೂ ಮನುಷ್ಯರ ಸಂಪರ್ಕ ಇರಲೇಬೇಕು.

## ಮಾತ್ರೆ ಬಗ್ಗೆ

ಮಾತ್ರೆ ಕೊಡಲೇಬೇಕಾ? ಬರೀ ಥೆರಪಿಲಿ ಆಗಲ್ವಾ?

ಸೌಮ್ಯವಾಗಿದ್ರೆ ಥೆರಪಿ ಮತ್ತೆ ಸುತ್ತಲಿನ ಬದಲಾವಣೆಯಿಂದಲೇ ಶುರು ಮಾಡ್ತಾರೆ. ಮಧ್ಯಮ ಅಥವಾ ತೀವ್ರ ಇದ್ರೆ ಮಾತ್ರೆ ಸೇರಿಸೋ ಮಾತು ಬರತ್ತೆ. ಹದಿಹರೆಯದ 439 ಜನರ ಮೇಲೆ ಅಮೆರಿಕದಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ 12 ವಾರಕ್ಕೆ ಫ್ಲೂಆಕ್ಸೆಟಿನ್ ಅನ್ನೋ ಡಿಪ್ರೆಷನ್ ಮಾತ್ರೆ ಮತ್ತು ಸಿಬಿಟಿ ಎರಡೂ ಸಿಕ್ಕವರಲ್ಲಿ 71% ಜನ ಸುಧಾರಿಸಿದ್ರು, ಬರೀ ಮಾತ್ರೆಯವರಲ್ಲಿ ಸುಮಾರು 61%, ಬರೀ ಸಿಬಿಟಿಯವರಲ್ಲಿ 43%, ಔಷಧ ಇಲ್ಲದ ಖಾಲಿ ಮಾತ್ರೆಯವರಲ್ಲಿ 35%. ಆದ್ರೆ ಒಂದು ಮಾತು ನೆನಪಿರಲಿ, ಆ ಅಧ್ಯಯನದಲ್ಲಿ ಆಟಿಸಂ ಇರೋ ಮಕ್ಕಳನ್ನ ಸೇರಿಸಿರಲಿಲ್ಲ. ನಮ್ಮ ಮಕ್ಕಳಿಗೆ ಕೊಡೋದು ಬೇರೆ ಮಕ್ಕಳಿಂದ ಕಲಿತ ಲೆಕ್ಕದ ಮೇಲೆ, ಅದಕ್ಕೇ ಜಾಗ್ರತೆ ಜಾಸ್ತಿ ಬೇಕು.

ಯಾವ ಮಾತ್ರೆ ಕೊಡ್ತಾರೆ, ಎಷ್ಟು ದಿನಕ್ಕೆ ಗುಣ ಕಾಣತ್ತೆ?

ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನ ಮಾತ್ರೆ. ಡಿಪ್ರೆಷನ್‌ಗೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇರೋದು ಫ್ಲೂಆಕ್ಸೆಟಿನ್‌ಗೆ 8 ವರ್ಷದಿಂದ, ಎಸ್ಸಿಟಾಲೋಪ್ರಾಮ್‌ಗೆ 12 ವರ್ಷದಿಂದ. ಪೂರ್ತಿ ಪರಿಣಾಮ ಗೊತ್ತಾಗೋಕೆ 4ರಿಂದ 8 ವಾರ ಬೇಕು, ಒಂದು ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡ್ಬೇಡಿ.

ಆಟಿಸಂ ಇರೋರ ಮೈ ಈ ಮಾತ್ರೆಗಳಿಗೆ ಸ್ವಲ್ಪ ಸೂಕ್ಷ್ಮ. ಆಟಿಸಂ ಇರೋ 149 ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಇದೇ ಗುಂಪಿನ ಸಿಟಾಲೋಪ್ರಾಮ್, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟು ನೋಡಿದ 2009ರ ಅಧ್ಯಯನದಲ್ಲಿ, ಅದು ಡಿಪ್ರೆಷನ್‌ಗಲ್ಲ, ಮಾಡಿದ್ದೇ ಮಾಡೋ ನಡವಳಿಕೆಗೆ ಅಂತ ಕೊಟ್ಟಿದ್ದು, ಲಾಭ ಕಾಣಲಿಲ್ಲ, ಬದಲಿಗೆ ಚಡಪಡಿಕೆ, ದುಡುಕು, ನಿದ್ದೆಗೇಡು ಜಾಸ್ತಿ ಆಯ್ತು. ಹಾಗಾಗಿ ಅನುಭವ ಇರೋ ಡಾಕ್ಟರ್ ತುಂಬಾ ಕಮ್ಮಿ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ. ಮಾತ್ರೆ ನುಂಗದ ಮಕ್ಕಳಿಗೆ ಸಿರಪ್ ರೂಪನೂ ಇದೆ, ಕೇಳಿ. ಕೆಮ್ಮಿನ ಔಷಧ, ನೋವಿನ ಮಾತ್ರೆ, ಸೈಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ, ಏನೇ ಕೊಡೋ ಮುಂಚೆನೂ ಡಾಕ್ಟರನ್ನ ಕೇಳಿ, ಇದರಲ್ಲಿ ಕೆಲವು ಎಸ್‌ಎಸ್‌ಆರ್‌ಐ ಜೊತೆ ಸೇರಿದ್ರೆ ಅಪಾಯ.

ಮಾತ್ರೆ ಜೊತೆ ಬರೋ ಕಾಗದದಲ್ಲಿ ಆತ್ಮಹತ್ಯೆ ಯೋಚನೆ ಬರಬಹುದು ಅಂತ ಬರೆದಿದೆ, ಓದಿ ಕೈ ನಡುಗ್ತು

ನಂದೂ ನಡುಗಿತ್ತು. 2004ರಲ್ಲಿ ಎಫ್‌ಡಿಎ ಆ ಎಚ್ಚರಿಕೆ ಹಾಕಿಸಿದ್ದು ಸುಮಾರು 4400 ಮಕ್ಕಳಿದ್ದ 24 ಅಧ್ಯಯನಗಳನ್ನ ನೋಡಿ. ಮಾತ್ರೆ ತಗೊಂಡವರಲ್ಲಿ ಸುಮಾರು 4% ಜನರಲ್ಲಿ ಇಂಥ ಯೋಚನೆ ಅಥವಾ ನಡವಳಿಕೆ ಕಂಡಿತ್ತು, ಖಾಲಿ ಮಾತ್ರೆಯವರಲ್ಲಿ 2%, ಆ ಅಧ್ಯಯನಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸತ್ತಿರಲಿಲ್ಲ. ಅಂದ್ರೆ ಅಪಾಯ ಇದೆ, ಸಣ್ಣದು, ಮತ್ತೆ ಚಿಕಿತ್ಸೆ ಇಲ್ಲದ ಡಿಪ್ರೆಷನ್ನಿನ ಅಪಾಯನೂ ಪಕ್ಕದಲ್ಲಿಟ್ಟು ತೂಗ್ಬೇಕು. ಶುರುವಿನ ವಾರಗಳು ಮತ್ತೆ ಡೋಸ್ ಬದಲಾದಾಗ ಹತ್ತಿರದಿಂದ ನೋಡಿ: ಹೊಸದಾಗಿ ಚಡಪಡಿಕೆ, ರಾತ್ರಿಯೆಲ್ಲ ಎಚ್ಚರ, ಇದ್ದಕ್ಕಿದ್ದಂತೆ ದುಡುಕು, ತನಗೆ ತಾನೇ ನೋವು ಮಾಡ್ಕೊಳೋದು. ಕಂಡ ದಿನವೇ ಫೋನ್ ಮಾಡಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ನಮ್ಮ ಡಾಕ್ಟ್ರು ರಿಸ್ಪೆರಿಡೋನ್ ಬರ್ಕೊಟ್ಟಿದಾರೆ, ಅದು ಡಿಪ್ರೆಷನ್ ಮಾತ್ರೆನಾ?

ಅಲ್ಲ. ರಿಸ್ಪೆರಿಡೋನ್, ಅರಿಪಿಪ್ರಜೋಲ್ ಇವೆರಡಕ್ಕೂ ಎಫ್‌ಡಿಎ ಒಪ್ಪಿಗೆ ಇರೋದು ಆಟಿಸಂ ಇರೋ ಮಕ್ಕಳ ತೀವ್ರ ಸಿಡುಕು, ಹೊಡೆದಾಟಕ್ಕೆ. ಕೆಲವರಿಗೆ ನಿಜವಾಗ್ಲೂ ಬೇಕಾಗತ್ತೆ. ಆದ್ರೆ ಸಿಡುಕಿನ ಬೇರಲ್ಲಿ ಡಿಪ್ರೆಷನ್ ಇದ್ರೆ ಬೇರು ಮುಟ್ಟದೆ ಮೇಲುಮೇಲಕ್ಕೆ ಮಾತ್ರ ಸುಮ್ಮನಾಗಿಸಿದ ಹಾಗಾಗತ್ತೆ, ಆದ್ದರಿಂದ "ಇದು ಯಾವ ತೊಂದರೆಗೆ ಕೊಡ್ತಿದೀರಾ?" ಅಂತ ಕೇಳೋ ಹಕ್ಕು ನಿಮಗಿದೆ. ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಆಗಾಗ ನೋಡಿಸ್ತಿರಿ, ಹಸಿವು ತುಂಬಾ ಜಾಸ್ತಿ ಆಗತ್ತೆ.

ಈಗ ಹುಷಾರಾಗಿದಾನೆ, ನಿಲ್ಲಿಸ್ಬಹುದಾ?

ಹುಷಾರಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸ್ತಾರೆ. ನಿಲ್ಲಿಸುವಾಗ ಡಾಕ್ಟರ್ ಹೇಳಿದ ಹಾಗೆ ಹಂತಹಂತವಾಗಿ ಇಳಿಸ್ಬೇಕು, ಪರೀಕ್ಷೆ ಸಮಯ, ಸ್ಕೂಲ್ ಬದಲಾಗೋ ಸಮಯದಲ್ಲಿ ಬೇಡ.

ಆಟಿಸಂನೇ ವಾಸಿ ಮಾಡ್ತೀವಿ, ಡಿಪ್ರೆಷನ್ ತಾನಾಗೇ ಹೋಗತ್ತೆ ಅಂತಾರಲ್ಲ?

ಅವರಿಂದ ದೂರ ಇರಿ. ಮೈಯಿಂದ ಲೋಹ ತೆಗೀತೀವಿ ಅನ್ನೋ ಕೀಲೇಶನ್ ಚಿಕಿತ್ಸೆಯಲ್ಲಿ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ 5 ವರ್ಷದ ಮಗು ಸತ್ತೇ ಹೋಯ್ತು. ಬ್ಲೀಚ್ ಕುಡಿಸೋದು, ಸ್ಟೆಮ್ ಸೆಲ್ ಅಂತ ದುಡ್ಡು ಸುಲಿಯೋದು, ಎಲ್ಲ ಇದೇ ಸಾಲಿಗೆ ಸೇರಿದ್ದು. ನಮ್ಮ ಸಂಕಟ ಅವರ ವ್ಯಾಪಾರ.

## ಕಷ್ಟದ ಪ್ರಶ್ನೆಗಳು

ಸಾಯ್ಬೇಕು ಅಂತಾನೆ, ಸುಮ್ನೆ ಎಲ್ಲೋ ಕೇಳಿದ್ದನ್ನ ಹೇಳ್ತಾನಾ, ನಿಜವಾಗ್ಲೂ ಹೇಳ್ತಾನಾ?

ನಿಜ ಅಂತಾನೇ ತಗೊಳ್ಳಿ. ಆಟಿಸಂ ಇರೋರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಜಾಸ್ತಿ, ಮತ್ತೆ ಮುಖದಲ್ಲಿ ಏನೂ ಕಾಣದೆ ಸಾದಾ ದನಿಯಲ್ಲೇ ಹೇಳಿಬಿಡ್ತಾರೆ, ಅದಕ್ಕೇ ಯಾರೂ ಕಿವಿಗೆ ಹಾಕ್ಕೊಳಲ್ಲ. ನೇರವಾಗಿ ಕೇಳಿ: "ಸಾಯ್ಬೇಕು ಅನ್ಸತ್ತಾ? ಹೇಗೆ ಅಂತ ಯೋಚನೆ ಮಾಡಿದೀಯಾ?" ಕೇಳೋದರಿಂದ ಇಲ್ಲದ ಯೋಚನೆ ತಲೆಗೆ ಬರಲ್ಲ. ಸುತ್ತಿಬಳಸಿ "ಏನಾದ್ರೂ ಮಾಡ್ಕೊಳ್ತೀಯಾ" ಅಂತ ಕೇಳಿದ್ರೆ ನಮ್ಮ ಮಕ್ಕಳಿಗೆ ಅರ್ಥನೇ ಆಗಲ್ಲ.

ಹೇಗೆ ಅಂತ ಯೋಚನೆ ಮಾಡಿದೀನಿ ಅಂದ್ರೆ, ಅಥವಾ ಈಗಾಗಲೇ ಏನಾದ್ರೂ ಮಾಡ್ಕೊಂಡಿದ್ರೆ, ಆ ಕ್ಷಣವೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಒಬ್ಬನನ್ನೇ ಬಿಡ್ಬೇಡಿ. ಯೋಚನೆ ಮಾತ್ರ ಅಂದ್ರೂ ಅವತ್ತೇ ಡಾಕ್ಟರಿಗೆ ತಿಳಿಸಿ, ಮನೇಲಿರೋ ಎಲ್ಲ ಮಾತ್ರೆ, ಅಜ್ಜಿ ತಾತನ ಮಾತ್ರೆ ಸಮೇತ, ಕೀಟನಾಶಕ, ಹರಿತವಾದ ವಸ್ತುಗಳು ಎಲ್ಲ ಬೀಗದೊಳಗೆ. ದುಡುಕಿನ ಆ ಸ್ವಲ್ಪ ಹೊತ್ತು ಕೈಗೆ ಏನೂ ಸಿಗದಿದ್ರೆ ಜೀವ ಉಳಿಯತ್ತೆ.

ಶಾಂತವಾಗಿರೋ ದಿನ ಥೆರಪಿಸ್ಟ್ ಜೊತೆ ಕೂತು ಒಂದು ಸೇಫ್ಟಿ ಪ್ಲಾನ್ ಬರೆಸಿ, ಮಗುವಿನ ಮಾತಲ್ಲೇ: ಶುರುವಾಗೋ ಸೂಚನೆ ಏನು, ಆಗ ನಾನು ಏನು ಮಾಡ್ತೀನಿ, ಯಾರಿಗೆ ಹೇಳ್ತೀನಿ, ಎಮರ್ಜೆನ್ಸಿ ನಂಬರ್ ಯಾವುದು. ಆ ಹೊತ್ತಲ್ಲಿ ಮಾತು ಹೊರಡದ ಮಕ್ಕಳಿಗೆ ಒಂದು ಕೆಂಪು ಕಾರ್ಡ್ ಕೊಟ್ಟಿಡಿ, ಕಾರ್ಡ್ ಕೈಗಿಟ್ರೆ ಸಾಕು, ಏನೂ ಕೇಳದೆ ಜೊತೇಲಿ ಕೂರಿ.

ಎರಡು ಮಾತ್ರೆ ಟ್ರೈ ಮಾಡಿ ಆಯ್ತು, ಏನೂ ಬದಲಾಗಿಲ್ಲ. ಇನ್ನೇನು ದಾರಿ?

ಮೊದಲು ಹಿಂದಕ್ಕೆ ಹೋಗಿ ನೋಡಿ: ಡೋಸ್ ಸಾಕಾಗಿತ್ತಾ, ಸಾಕಷ್ಟು ವಾರ ಕೊಟ್ಟಿದ್ರಾ, ನಿಜವಾಗ್ಲೂ ನುಂಗ್ತಿದ್ನಾ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ), ಬೈಪೋಲಾರ್ (ಮನಸ್ಸು ಅತಿಯಾಗಿ ಏರಿ ಇಳಿಯೋ ಕಾಯಿಲೆ) ಏನಾದ್ರೂ ಪತ್ತೆಯಾಗದೆ ತಪ್ಪಿ ಹೋಗಿದ್ಯಾ, ನಿದ್ದೆ ಸರಿ ಆಗಿದ್ಯಾ, ಸ್ಕೂಲಲ್ಲಿ ಚುಡಾಯಿಸೋದು ಇನ್ನೂ ನಡೀತಿದ್ಯಾ. ಮೊದಲ ಎಸ್‌ಎಸ್‌ಆರ್‌ಐ ಕೆಲಸ ಮಾಡದ 334 ಹದಿಹರೆಯದವರ ಮೇಲಿನ 2008ರ ಅಧ್ಯಯನದಲ್ಲಿ ಬರೀ ಮಾತ್ರೆ ಬದಲಾಯಿಸಿದವರಲ್ಲಿ ಸುಮಾರು 41% ಜನ ಸುಧಾರಿಸಿದ್ರೆ, ಬದಲಾಯಿಸಿ ಜೊತೆಗೆ ಸಿಬಿಟಿನೂ ಕೊಟ್ಟವರಲ್ಲಿ ಸುಮಾರು 55%. ಅಂದ್ರೆ ಮಾತ್ರೆ ಸೋತಾಗ ಥೆರಪಿ ನಿಲ್ಲಿಸೋದಲ್ಲ, ಸೇರಿಸೋದು.

ಅದಕ್ಕೂ ಮುಂದೆ ಟಿಎಂಎಸ್ ಅಂತಿದೆ, ತಲೆಯ ಹೊರಗಿಂದ ಆಯಸ್ಕಾಂತದ ಅಲೆ ಕೊಡೋದು, 2024ರಲ್ಲಿ ಎಫ್‌ಡಿಎ 15 ವರ್ಷದಿಂದ ಬೇರೆ ಚಿಕಿತ್ಸೆ ಜೊತೆಗೆ ಬಳಸೋಕೆ ಒಪ್ಪಿದೆ. ಟಕ್ ಟಕ್ ಅಂತ ಜೋರು ಶಬ್ದ, ತಲೆ ಮುಟ್ಟೋದು ಇದೆಲ್ಲ ಇರೋದ್ರಿಂದ ಮುಂಚೆನೇ ಅಭ್ಯಾಸ ಮಾಡಿಸ್ಬೇಕು, ಫಿಟ್ಸ್ ಇದ್ರೆ ಹೇಳಲೇಬೇಕು. ಇಸಿಟಿ, ಅಂದ್ರೆ ತಲೆಗೆ ಸ್ವಲ್ಪ ಕರೆಂಟ್ ಕೊಟ್ಟು ಮಾಡೋ ಚಿಕಿತ್ಸೆ, ಹೆಸರು ಕೇಳಿದ್ರೇ ಹೆದರ್ತಾರೆ, ಆದ್ರೆ ಈಗ ಅರಿವಳಿಕೆ ಕೊಟ್ಟೇ ಮಾಡೋದು, ಜೀವಕ್ಕೇ ಅಪಾಯ ಇರುವಂಥ ಪರಿಸ್ಥಿತಿಯಲ್ಲಿ ಅದು ನಿಜವಾದ ಆಯ್ಕೆ.

ಇದ್ದಕ್ಕಿದ್ದಂಗೆ ನಿಂತಲ್ಲೇ ನಿಂತುಬಿಡ್ತಾಳೆ, ತುತ್ತು ಬಾಯಿಗಿಡೋಕೆ ಹತ್ತು ನಿಮಿಷ, ಮಾತೂ ನಿಂತಿದೆ. ಡಿಪ್ರೆಷನ್ ಜಾಸ್ತಿ ಆಯ್ತಾ?

ಇದು ಕೆಟಟೋನಿಯಾ, ಅಂದ್ರೆ ಮೈ ಮತ್ತೆ ಮಾತು ಹೆಪ್ಪುಗಟ್ಟಿದ ಹಾಗೆ ನಿಂತುಹೋಗೋ ಸ್ಥಿತಿ, ಇರಬಹುದು, ತಡಮಾಡದೆ ತೋರಿಸಿ. ಆಟಿಸಂ ಇರೋರಲ್ಲಿ ಹದಿಹರೆಯದಲ್ಲಿ ಇದು ಕಾಣಿಸ್ಕೊಳ್ಳತ್ತೆ, ಹಠ ಅಂತಾನೋ ಡಿಪ್ರೆಷನ್ ಅಂತಾನೋ ಅನ್ಕೊಂಡು ತಿಂಗಳುಗಟ್ಟಲೆ ಕಳೀತಾರೆ. ಚಿಕಿತ್ಸೆ ಬೇರೆ: ಲೊರಾಜೆಪಾಮ್ ಅನ್ನೋ ಔಷಧ, ಅದರಿಂದ ಆಗದಿದ್ರೆ ಇಸಿಟಿ. ರಿಸ್ಪೆರಿಡೋನ್ ಥರದ ಮಾತ್ರೆಗಳಿಂದ ಇದು ಜಾಸ್ತಿ ಆಗೋ ಭಯ ಇದೆ. ಅವಳು ಹೀಗೆ ನಿಂತಿರೋದನ್ನ ಎರಡು ನಿಮಿಷ ವಿಡಿಯೋ ಮಾಡಿ ತೋರಿಸಿ. ಊಟ ನೀರು ನಿಂತ್ರೆ, ಜ್ವರ ಬಂದು ಮೈ ಬಿಗಿದ್ರೆ ನೇರ ಎಮರ್ಜೆನ್ಸಿ.

ವಾಪಸ್ ಮೊದಲಿನ ಥರ ಆಗ್ತಾನಾ?

ತುಂಬಾ ಮಕ್ಕಳು ಚೇತರಿಸ್ಕೊಳ್ತಾರೆ, ಮತ್ತೆ ಬರೋ ಸಾಧ್ಯತೆನೂ ಇರತ್ತೆ, ಎರಡೂ ನಿಜ. ನಮ್ಮಲ್ಲಿ ಮೊದಲು ಸರಿ ಹೋಗಿದ್ದು ನಿದ್ದೆ, ಆಮೇಲೆ ಸಿಟ್ಟು ಇಳೀತು, ಇಷ್ಟದ ವಿಷಯ ವಾಪಸ್ ಬಂದಿದ್ದು ಎಲ್ಲಕ್ಕಿಂತ ಕೊನೇಲಿ, ಮಾತ್ರೆ ಶುರು ಮಾಡಿ ನಾಲ್ಕನೇ ತಿಂಗಳಿಗೆ. ನಡುವೆ ಒಂದ್ಸಲ ಜಾರಿದ, ಈ ಸಲ ಎರಡೇ ವಾರಕ್ಕೆ ಗೊತ್ತಾಯ್ತು, ಯಾಕಂದ್ರೆ ಸೂಚನೆಗಳನ್ನ ಮುಂಚೆನೇ ಬರೆದಿಟ್ಟಿದ್ವಿ. ನೀವೂ ಬರೆದಿಡಿ, ಮಗು ಕೈಯಲ್ಲೇ ಬರೆಸಿ. ನಮ್ಮ ಬೀರು ಬಾಗಿಲ ಒಳಗೆ ಅಂಟಿಸಿರೋ ಹಾಳೆಯಲ್ಲಿ ಎರಡನೇ ಸಾಲು ಅವನ ಅಕ್ಷರದಲ್ಲಿ ಹೀಗಿದೆ: "ಲಿಫ್ಟ್ ನೋಟ್‌ಬುಕ್ ಮೂರು ದಿನ ತೆಗೀಲಿಲ್ಲ ಅಂದ್ರೆ ಅಮ್ಮನಿಗೆ ಹೇಳು."